ದೊಡ್ಡ 4ಕೆ, 5ಕೆ ಮಾನಿಟರ್: ಅಳತೆಯಿಂದ ಜೋಡಣೆವರೆಗೆ ಸಮಗ್ರ ಮಾರ್ಗದರ್ಶಿ

ದೊಡ್ಡ ಮಾನಿಟರ್ ಕೊಂಡವರಿಂದ ಮೂರು ದೂರು ಮತ್ತೆ ಮತ್ತೆ ಕೇಳಿಬರುತ್ತವೆ. ಅಕ್ಷರ ಮಸುಕಾಗಿ ಕಾಣುತ್ತದೆ. ಮೌಸ್ ತಡೆದು ತಡೆದು ಓಡುತ್ತದೆ. ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಬಹಳ ಸಲ ಮಾನಿಟರ್‌ನಲ್ಲಿ ಏನೂ ದೋಷ ಇರುವುದಿಲ್ಲ. ಮೊದಲು ಪರದೆ ಕೊಂಡು, ಟೇಬಲ್, ಕೇಬಲ್, ಕಂಪ್ಯೂಟರ್ ಕಡೆ ಆಮೇಲೆ ನೋಡಿದ್ದೇ ತೊಂದರೆಗೆ ಕಾರಣ. ಈ ಕ್ರಮವನ್ನೇ ತಿರುಗಿಸಬೇಕು. ಮೊದಲು ಅಳತೆ, ಆಮೇಲೆ ಪೋರ್ಟ್, ಪರದೆಯ ಆಯ್ಕೆ ಅದಾದ ಮೇಲೆ.

ಇಲ್ಲಿ ಹೇಳುವುದು ಹೆಚ್ಚಾಗಿ 32 ಇಂಚು ಮತ್ತು ಅದಕ್ಕಿಂತ ದೊಡ್ಡದಾದ, 4ಕೆ ಅಥವಾ ಅದಕ್ಕೂ ಹೆಚ್ಚು ರೆಸಲ್ಯೂಷನ್ ಇರುವ ಮಾನಿಟರ್‌ಗಳ ಬಗ್ಗೆ. ಓದುವವರು, ಬರೆಯುವವರು, ಕೋಡ್ ಮಾಡುವವರು, ಲೆಕ್ಕದ ಶೀಟು ಹಾಗೂ ಫೋಟೋ ಕೆಲಸ ಮಾಡುವವರು ಮನಸ್ಸಿನಲ್ಲಿದ್ದಾರೆ. ಬರೀ ಗೇಮ್ ಆಡುವವರ ಲೆಕ್ಕ ಬೇರೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು ಇಷ್ಟು: ಅಳತೆ ಟೇಪು, ದೊಡ್ಡ ರಟ್ಟು, ಕತ್ತರಿ, ಸ್ಕ್ರೂಡ್ರೈವರ್, ಮೈಕ್ರೋಫೈಬರ್ ಬಟ್ಟೆ, ನಿಮ್ಮ ಕಂಪ್ಯೂಟರ್‌ನ ಪೂರ್ತಿ ಮಾಡೆಲ್ ಹೆಸರು. ಬಾಕ್ಸ್ ಬಂದ ದಿನ ಜೊತೆಗೆ ಇನ್ನೊಬ್ಬರು ಇರಬೇಕು.

## ಹಂತ 1: ಕಣ್ಣಿನಿಂದ ಪರದೆಗೆ ಎಷ್ಟು ದೂರ?

ದಿನವೂ ಕೂರುವ ಹಾಗೆಯೇ ಕುರ್ಚಿಯಲ್ಲಿ ಕೂತುಕೊಳ್ಳಿ. ಅಳೆಯುವುದಕ್ಕೆ ಅಂತ ನೆಟ್ಟಗೆ ಕೂರಬೇಡಿ. ಕಣ್ಣಿನಿಂದ ಪರದೆ ಬರುವ ಜಾಗದವರೆಗೆ ಟೇಪು ಹಿಡಿದು ಸೆಂಟಿಮೀಟರ್‌ನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ತೀರ್ಮಾನವೂ ಈ ಅಂಕಿಯ ಮೇಲೆ ನಿಂತಿದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಪರದೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ ಅಂದುಕೊಳ್ಳುವುದು. ದೊಡ್ಡ ಮಾನಿಟರ್‌ನ ಸ್ಟ್ಯಾಂಡ್‌ಗೆ ಅಗಲವಾದ ಪಾದ ಇರುತ್ತದೆ. ಅದು ಟೇಬಲ್ ಮೇಲೆ ಜಾಗ ತಿನ್ನುತ್ತದೆ, ಪರದೆಯನ್ನು ನಿಮ್ಮ ಕಡೆಗೆ ತಳ್ಳುತ್ತದೆ. ಮಾಡೆಲ್‌ನ ವಿವರದಲ್ಲಿ ಸ್ಟ್ಯಾಂಡ್ ಸೇರಿಸಿದ ಆಳ ಎಷ್ಟು ಅಂತ ಕೊಟ್ಟಿರುತ್ತಾರೆ. ಅದರ ಅರ್ಧದಷ್ಟನ್ನು ದೂರದಿಂದ ಕಳೆದು ನೋಡಿ. ನಿಜ ಸಂಗತಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಈಗ ರಟ್ಟು ಕತ್ತರಿಸಿ. 32 ಇಂಚಿನ ಪರದೆ ಸುಮಾರು 70 ಸೆಂ.ಮೀ. ಅಗಲ, 39 ಸೆಂ.ಮೀ. ಎತ್ತರ. 43 ಇಂಚಿನದು ಸುಮಾರು 94 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ. 49 ಇಂಚಿನ ಉದ್ದನೆಯ ಬಾಗಿದ ಮಾನಿಟರ್ ಸುಮಾರು 120 ಸೆಂ.ಮೀ. ಅಗಲವಾದರೂ ಎತ್ತರ 34 ಸೆಂ.ಮೀ. ಅಷ್ಟೇ. ಅಂದರೆ 27 ಇಂಚಿನ ಎರಡನ್ನು ಪಕ್ಕಪಕ್ಕ ಇಟ್ಟ ಹಾಗೆ. ಇಂಚು ಅಂತ ಹೇಳುವುದು ಮೂಲೆಯಿಂದ ಮೂಲೆಗೆ ಇರುವ ಓರೆ ಅಳತೆ. ಆದ್ದರಿಂದ ಆಕಾರ ಬೇರೆ ಇರುವ ಎರಡು ಪರದೆಗಳನ್ನು ಇಂಚಿನ ಲೆಕ್ಕದಲ್ಲಿ ಹೋಲಿಸಲು ಹೋಗಬೇಡಿ.

ರಟ್ಟನ್ನು ಪರದೆ ಬರುವ ಜಾಗದಲ್ಲಿ ನಿಲ್ಲಿಸಿ, ಅದರ ಮುಂದೆ ಅರ್ಧ ಗಂಟೆ ಮಾಮೂಲಿ ಕೆಲಸ ಮಾಡಿ. ನಾಲ್ಕು ಮೂಲೆಗೂ ಒಂದೊಂದು ಚೀಟಿ ಅಂಟಿಸಿ, ಸಣ್ಣ ಅಕ್ಷರದಲ್ಲಿ ಏನಾದರೂ ಬರೆಯಿರಿ. ಮೂಲೆಯ ಚೀಟಿ ಓದಲು ಕಣ್ಣು ಹೊರಳಿಸಿದರೆ ಸಾಕಾದರೆ ಸರಿ. ತಲೆಯನ್ನೇ ತಿರುಗಿಸಬೇಕಾದರೆ ಪರದೆ ಹತ್ತಿರವಾಯಿತು ಅಥವಾ ದೊಡ್ಡದಾಯಿತು ಅಂತ ಅರ್ಥ. ಮೇಲಿನ ಚೀಟಿಗೆ ಗಲ್ಲ ಎತ್ತಬೇಕಾದರೆ ಅದು ಇನ್ನೂ ಕೆಟ್ಟದ್ದು, ಕುತ್ತಿಗೆ ನೋವು ಶುರುವಾಗುವುದೇ ಅಲ್ಲಿಂದ.

ನನ್ನ ಅಭಿಪ್ರಾಯ ಕೇಳಿದರೆ, ಕಣ್ಣಿಗೂ ಪರದೆಗೂ 75 ಸೆಂ.ಮೀ. ದೂರ ಸಿಗದ ಟೇಬಲ್‌ನಲ್ಲಿ 43 ಇಂಚಿನ ಆಸೆ ಬಿಡುವುದು ಒಳ್ಳೆಯದು. 60 ಸೆಂ.ಮೀ. ಸಿಕ್ಕರೆ 32 ಇಂಚು ಆರಾಮಾಗಿ ಕೂರುತ್ತದೆ.

## ಹಂತ 2: ಜಾಗ ಬೇಕೋ, ಅಕ್ಷರದ ನುಣುಪು ಬೇಕೋ?

ಇದಕ್ಕೆ ಉತ್ತರ ಹೇಳದೆ ಮಾಡೆಲ್ ನೋಡಲು ಕೂರಬೇಡಿ. ಹೆಚ್ಚು ಪಿಕ್ಸೆಲ್‌ಗಳನ್ನು ಎರಡು ಥರ ಬಳಸಬಹುದು. ಒಂದು, ಪ್ರೋಗ್ರಾಂಗಳ ಜಾಸ್ತಿ ಕಿಟಕಿಗಳನ್ನು (ವಿಂಡೋ) ಒಟ್ಟಿಗೆ ತೆರೆದಿಡುವುದು. ಇನ್ನೊಂದು, ಅದೇ ಅಕ್ಷರವನ್ನು ಇನ್ನಷ್ಟು ನುಣುಪಾಗಿ ತೋರಿಸುವುದು. ಒಂದೇ ಪಿಕ್ಸೆಲ್ ಎರಡೂ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು.

ಉದಾಹರಣೆ ನೋಡಿ. 4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಇದೇ 4ಕೆಯನ್ನು 32 ಇಂಚಿನಲ್ಲಿ ಹಾಕಿದರೆ ಅಕ್ಷರ ತುಂಬಾ ಚಿಕ್ಕದಾಗುತ್ತದೆ. ಓದಲಾಗದೆ ಸ್ಕೇಲಿಂಗ್ ಅನ್ನು, ಅಂದರೆ ಅಕ್ಷರ, ಗುಂಡಿಗಳನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗನ್ನು, ಶೇ. 150ಕ್ಕೆ ಏರಿಸುತ್ತೀರಿ. ಆಗ ಕೆಲಸಕ್ಕೆ ಸಿಗುವ ಜಾಗ 2560 × 1440ಕ್ಕೆ ಇಳಿಯುತ್ತದೆ. ಅದು ಮಾಮೂಲಿ 27 ಇಂಚಿನ ಕ್ಯುಎಚ್‌ಡಿ ಮಾನಿಟರ್ ಕೊಡುವಷ್ಟೇ ಜಾಗ. ಅಕ್ಷರ ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಜಾಗಕ್ಕೋಸ್ಕರ ಕೊಂಡವರಿಗೆ ಬೇಸರವಾಗುವುದು ಇಲ್ಲೇ.

ಅದೇ 4ಕೆಯನ್ನು 43 ಇಂಚಿನಲ್ಲಿ ತೆಗೆದುಕೊಳ್ಳಿ. ಸ್ಕೇಲಿಂಗ್ ಶೇ. 100ರಲ್ಲೇ ಇಟ್ಟು ಓದಬಹುದು. 21 ಇಂಚಿನ ನಾಲ್ಕು ಫುಲ್ ಎಚ್‌ಡಿ ಪರದೆಗಳನ್ನು ಗೆರೆಯೇ ಇಲ್ಲದೆ ಜೋಡಿಸಿದಷ್ಟು ಜಾಗ ಸಿಗುತ್ತದೆ. ಅಕ್ಷರ ಮಾತ್ರ ಹಳೆಯ ಮಾನಿಟರ್‌ನಷ್ಟೇ ನುಣುಪು.

ಪಿಕ್ಸೆಲ್ ಎಷ್ಟು ಒತ್ತಾಗಿವೆ ಅನ್ನುವುದನ್ನು ಇಂಚಿಗೆ ಇಷ್ಟು ಪಿಕ್ಸೆಲ್ ಅಂತ, ಪಿಪಿಐ ಹೆಸರಿನಲ್ಲಿ ಹೇಳುತ್ತಾರೆ. ಅಡ್ಡಕ್ಕಿರುವ ಪಿಕ್ಸೆಲ್ ಸಂಖ್ಯೆಯನ್ನು ಪರದೆಯ ಅಗಲದ ಇಂಚಿನಿಂದ ಭಾಗಿಸಿದರೆ ಆಯಿತು. ಸಾಮಾನ್ಯ ಗಾತ್ರಗಳ ಲೆಕ್ಕ ಹೀಗಿದೆ:

- 43 ಇಂಚು, 4ಕೆ: ಸುಮಾರು 104
- 34 ಇಂಚಿನ ಅಗಲ ಪರದೆ, 3440 × 1440: ಸುಮಾರು 110
- 32 ಇಂಚು, 4ಕೆ: ಸುಮಾರು 140
- 40 ಇಂಚಿನ ಅಗಲ ಪರದೆ, 5120 × 2160: ಸುಮಾರು 140
- 27 ಇಂಚು, 4ಕೆ: ಸುಮಾರು 163
- 27 ಇಂಚು, 5ಕೆ (5120 × 2880): 218
- 32 ಇಂಚು, 6ಕೆ (ಅಡ್ಡಕ್ಕೆ ಸುಮಾರು 6000 ಪಿಕ್ಸೆಲ್): ಸುಮಾರು 218

ಈಗ ಮೊದಲ ಹಂತದಲ್ಲಿ ಬರೆದಿಟ್ಟ ದೂರ ತೆಗೆಯಿರಿ. 8700 ಅನ್ನು ಆ ಸೆಂಟಿಮೀಟರ್‌ನಿಂದ ಭಾಗಿಸಿ. ದೃಷ್ಟಿ ಸರಿಯಾಗಿರುವ ಕಣ್ಣಿಗೆ ಅಷ್ಟು ದೂರದಿಂದ ಬಿಡಿ ಪಿಕ್ಸೆಲ್ ಕಾಣದಂತಾಗುವ ಪಿಪಿಐ ಸರಿಸುಮಾರು ಅದು. 60 ಸೆಂ.ಮೀ.ಗೆ 145 ಬರುತ್ತದೆ. 80 ಸೆಂ.ಮೀ.ಗೆ 109. ಅಂದರೆ 80 ಸೆಂ.ಮೀ. ದೂರದಲ್ಲಿ ಕೂರುವವರಿಗೆ 43 ಇಂಚಿನ 4ಕೆ ಹೆಚ್ಚು ಕಡಿಮೆ ನುಣುಪಾಗಿಯೇ ಕಾಣುತ್ತದೆ. ಅದನ್ನೇ 50 ಸೆಂ.ಮೀ. ಹತ್ತಿರ ಎಳೆದುಕೊಂಡರೆ ಅಕ್ಷರದ ಅಂಚು ಗರಗಸದ ಹಾಗೆ ಕಾಣುತ್ತದೆ. ಇದು ಅಂದಾಜಿನ ಸೂತ್ರ. ಕನ್ನಡದ ಒತ್ತಕ್ಷರ, ದೀರ್ಘ, ಕೊಂಬುಗಳಂಥ ಸಣ್ಣ ಗೆರೆಗಳಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಪಿಪಿಐ ಇದ್ದರೆ ಕಣ್ಣಿಗೆ ಹಿತ.

ಮ್ಯಾಕ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಮ್ಯಾಕ್ ಓಎಸ್‌ಗೆ 110ರ ಆಸುಪಾಸು ಅಥವಾ 220ರ ಆಸುಪಾಸು ಚೆನ್ನಾಗಿ ಹೊಂದುತ್ತದೆ. ನಡುವಿನ ಪಿಪಿಐ ಆದರೆ ಅದು ಚಿತ್ರವನ್ನು ಮೊದಲು ದೊಡ್ಡದಾಗಿ ಬರೆದು, ಆಮೇಲೆ ಕುಗ್ಗಿಸಿ ತೋರಿಸುತ್ತದೆ. 27 ಇಂಚಿನ 4ಕೆಯಲ್ಲಿ 2560 × 1440ರಷ್ಟು ಜಾಗ ಕೇಳಿದರೆ, ಒಳಗೆ 5120 × 2880 ಬರೆದು 3840 × 2160ಕ್ಕೆ ಇಳಿಸುತ್ತದೆ. ಕೆಲವರ ಕಣ್ಣಿಗೆ ಅದು ತುಸು ಮೆತ್ತಗೆ ಕಾಣುತ್ತದೆ. ವಿಂಡೋಸ್‌ನಲ್ಲಿ ಸ್ಕೇಲಿಂಗ್ ಶೇ. 25ರ ಹೆಜ್ಜೆಯಲ್ಲಿ ಏರುತ್ತದೆ. ಹೊಸ ಪ್ರೋಗ್ರಾಂಗಳು ಅದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಹಳೆಯವು ಮಸುಕಾಗುತ್ತವೆ. ನೀವು ದಿನವೂ ಬಳಸುವ ಹಳೆಯ ಪ್ರೋಗ್ರಾಂ ಇದ್ದರೆ ಶೇ. 100 ಅಥವಾ 200ರಲ್ಲಿ ನಡೆಯುವ ಪರದೆಯನ್ನೇ ಆರಿಸಿ.

## ಹಂತ 3: ಕಂಪ್ಯೂಟರ್‌ನಿಂದ ಅಷ್ಟು ಪಿಕ್ಸೆಲ್ ಹೊರಗೆ ಬರುತ್ತದೆಯೇ?

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಪೋರ್ಟ್‌ಗೆ ಕೇಬಲ್ ಸೇರಿತು ಅಂದ ಮಾತ್ರಕ್ಕೆ ಆ ರೆಸಲ್ಯೂಷನ್ ಬರುತ್ತದೆ ಅಂತಲ್ಲ. ಗ್ರಾಫಿಕ್ಸ್, ಪೋರ್ಟ್, ನಡುವೆ ಇರುವ ಡಾಕ್ (ಒಂದು ಪೋರ್ಟ್‌ನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ಅಥವಾ ಅಡಾಪ್ಟರ್, ಕೇಬಲ್, ಮಾನಿಟರ್‌ನ ಇನ್‌ಪುಟ್ ಅಂತ ಐದು ಕೊಂಡಿಗಳಿವೆ. ಇವುಗಳಲ್ಲಿ ಯಾವುದು ದುರ್ಬಲವೋ ಅದರ ಮಟ್ಟಕ್ಕೇ ಚಿತ್ರ ಇಳಿಯುತ್ತದೆ.

ಎಚ್‌ಡಿಎಂಐನಿಂದ ಶುರು ಮಾಡೋಣ. ಎಚ್‌ಡಿಎಂಐ 1.4 ಇರುವ ಹಳೆಯ ಲ್ಯಾಪ್‌ಟಾಪ್‌ಗಳಿಂದ 4ಕೆ ಬರುತ್ತದೆ, ಆದರೆ 30 ಹರ್ಟ್ಜ್‌ನಲ್ಲಿ. ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ. ವೀಡಿಯೊ ನೋಡುವಾಗ ಗೊತ್ತಾಗುವುದಿಲ್ಲ, ಮೌಸ್ ಅಲ್ಲಾಡಿಸಿದ ಕೂಡಲೇ ಗೊತ್ತಾಗುತ್ತದೆ. 30 ಹರ್ಟ್ಜ್‌ನಲ್ಲಿ ದಿನವಿಡೀ ಕೆಲಸ ಮಾಡಲು ಯಾರಿಗೂ ಹೇಳುವುದಿಲ್ಲ. ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತದೆ, 4ಕೆ 60 ಹರ್ಟ್ಜ್‌ಗೆ ಅಷ್ಟು ಸಾಕು. ಎಚ್‌ಡಿಎಂಐ 2.1 ಗರಿಷ್ಠ 48 ಗಿಗಾಬಿಟ್. ಎಚ್ಚರಿಕೆ ಏನೆಂದರೆ, 2.1 ಅಂತ ಬರೆದ ಮಾತ್ರಕ್ಕೆ 48 ಗಿಗಾಬಿಟ್ ಇರಲೇಬೇಕು ಅಂತ ನಿಯಮ ಇಲ್ಲ. 2.0ರಷ್ಟೇ ವೇಗ ಇರುವ ಸಾಧನಕ್ಕೂ 2.1 ಅಂತ ಬರೆಯಬಹುದು. ಆದ್ದರಿಂದ ಆವೃತ್ತಿಯ ನಂಬರ್ ನೋಡಬೇಡಿ. ಇಂಥ ರೆಸಲ್ಯೂಷನ್‌ನಲ್ಲಿ ಇಷ್ಟು ಹರ್ಟ್ಜ್ ಅಂತ ಸ್ಪಷ್ಟವಾಗಿ ಬರೆದಿದೆಯೇ ಅಂತ ಹುಡುಕಿ.

ಮಾನಿಟರ್ ಜೋಡಿಸುವ ಇನ್ನೊಂದು ಪೋರ್ಟ್ ಡಿಸ್‌ಪ್ಲೇಪೋರ್ಟ್. ಅದು 1.2 ಆದರೆ 4ಕೆ 60 ಹರ್ಟ್ಜ್ ಬರುತ್ತದೆ. 1.4 ಆದರೆ 4ಕೆ 120 ಹರ್ಟ್ಜ್, 5ಕೆ 60 ಹರ್ಟ್ಜ್. 6ಕೆ ಮತ್ತು 8ಕೆಗೆ 1.4 ನೇರವಾಗಿ ಸಾಲುವುದಿಲ್ಲ. ಚಿತ್ರವನ್ನು ಒತ್ತಿ ಕಳಿಸುವ ಡಿಎಸ್‌ಸಿ ಅನ್ನುವ ತಂತ್ರ ಕಂಪ್ಯೂಟರ್ ಮತ್ತು ಮಾನಿಟರ್ ಎರಡರಲ್ಲೂ ಇರಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ 2.1ರ ಹೆಚ್ಚಿನ ವೇಗ ಇರಬೇಕು. ಡೆಲ್‌ನ 32 ಇಂಚಿನ 8ಕೆ ಮಾನಿಟರ್ ಯುಪಿ3218ಕೆ 60 ಹರ್ಟ್ಜ್‌ನಲ್ಲಿ ಓಡಬೇಕಾದರೆ ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕು. ಹಳೆಯ 5ಕೆ ಮಾಡೆಲ್‌ಗಳಲ್ಲೂ ಹೀಗೆ ಎರಡು ಕೇಬಲ್ ಕೇಳುವವು ಇವೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಇಂಥದ್ದು ಕಂಡರೆ, ನಿಮ್ಮ ಕಂಪ್ಯೂಟರ್‌ನಲ್ಲಿ ಎರಡು ಡಿಸ್‌ಪ್ಲೇಪೋರ್ಟ್ ಇದೆಯೇ ಅಂತ ಮೊದಲು ನೋಡಿ.

ಯುಎಸ್‌ಬಿ-ಸಿ ವಿಷಯ ಇನ್ನೂ ಗೋಜಲು. ಹೊರಗಿನಿಂದ ಎಲ್ಲ ಪೋರ್ಟೂ ಒಂದೇ ಥರ ಕಾಣುತ್ತವೆ. ಕೆಲವಕ್ಕೆ ಚಿತ್ರ ಕಳಿಸುವ ಶಕ್ತಿಯೇ ಇರುವುದಿಲ್ಲ, ಚಾರ್ಜ್ ಮತ್ತು ಫೈಲ್ ಅಷ್ಟೇ. ನಿಮ್ಮ ಮಾಡೆಲ್‌ನ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಅಂತ ಇರಬೇಕು. ಇದ್ದರೂ ಒಂದು ತೊಡಕು ಉಳಿಯುತ್ತದೆ. ಯುಎಸ್‌ಬಿ-ಸಿಯಲ್ಲಿ ವೇಗದ ದಾರಿಗಳು ನಾಲ್ಕು. ಡಾಕ್ ಅಥವಾ ಮಾನಿಟರ್‌ನ ಹಬ್‌ಗೆ ವೇಗದ ಯುಎಸ್‌ಬಿ ಬೇಕಾದರೆ ಎರಡು ದಾರಿ ಅದಕ್ಕೆ ಹೋಗುತ್ತವೆ, ಚಿತ್ರಕ್ಕೆ ಎರಡೇ ಉಳಿಯುತ್ತವೆ. ಹಳೆಯ ಡಾಕ್‌ಗಳಲ್ಲಿ 4ಕೆ 30 ಹರ್ಟ್ಜ್‌ಗೆ ಇಳಿಯುವುದು ಈ ಕಾರಣಕ್ಕೆ. ಬಹಳಷ್ಟು ಮಾನಿಟರ್‌ಗಳ ಮೆನುವಿನಲ್ಲಿ ಹೆಚ್ಚು ರೆಸಲ್ಯೂಷನ್ ಬೇಕೋ ಹೆಚ್ಚು ಯುಎಸ್‌ಬಿ ವೇಗ ಬೇಕೋ ಅಂತ ಆರಿಸುವ ಜಾಗ ಇರುತ್ತದೆ. ಮಾನಿಟರ್ ವಾಪಸ್ ಕಳಿಸುವ ಮುಂಚೆ ಅದನ್ನೊಂದು ಸಲ ನೋಡಿ.

ಮ್ಯಾಕ್‌ನವರಿಗೆ: ಮೂಲ ಎಂ1 ಮತ್ತು ಎಂ2 ಚಿಪ್‌ನ ಲ್ಯಾಪ್‌ಟಾಪ್‌ಗಳಿಗೆ ನೇರವಾಗಿ ಒಂದೇ ಹೊರಗಿನ ಮಾನಿಟರ್ ಹಾಕಬಹುದು. ಹೀಗಾಗಿ ಎರಡು ಸಣ್ಣದರ ಬದಲು ಒಂದು ದೊಡ್ಡದು ಕೊಳ್ಳುವುದಕ್ಕೆ ಅವರಿಗೆ ಒಳ್ಳೆಯ ಕಾರಣವೇ ಇದೆ.

## ಹಂತ 4: ಕೇಬಲ್

ಬಾಕ್ಸ್‌ನಲ್ಲಿ ಬಂದ ಕೇಬಲ್ಲನ್ನೇ ಮೊದಲು ಬಳಸಿ. ಫೋನ್ ಚಾರ್ಜರ್ ಜೊತೆ ಬಂದ ಯುಎಸ್‌ಬಿ-ಸಿ ಕೇಬಲ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಬರುವುದಿಲ್ಲ. ಅದರೊಳಗೆ ವೇಗದ ತಂತಿಗಳೇ ಇರುವುದಿಲ್ಲ.

ಬೇರೆ ಕೇಬಲ್ ಬೇಕಾದರೆ ಉದ್ದ 2 ಮೀಟರ್ ಒಳಗಿರಲಿ. ಉದ್ದ ಜಾಸ್ತಿಯಾದಷ್ಟೂ ಸಿಗ್ನಲ್ ಸೊರಗುತ್ತದೆ. ಎಚ್‌ಡಿಎಂಐ 2.1ರ ಪೂರ್ತಿ ವೇಗಕ್ಕೆ ಅಲ್ಟ್ರಾ ಹೈ ಸ್ಪೀಡ್ ಅನ್ನುವ ಪ್ರಮಾಣಿತ ಲೇಬಲ್ ಇರುವುದನ್ನೇ ತೆಗೆದುಕೊಳ್ಳಿ. 8ಕೆ ಕೇಬಲ್ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದು ಪ್ರಮಾಣ ಅಲ್ಲ.

ಕಂಪ್ಯೂಟರ್ ಆಫ್ ಮಾಡಿದ ಮೇಲೂ ಅದರೊಳಗಿನ ದೀಪ ಮಿಣುಕುತ್ತಿದ್ದರೆ, ಇಲ್ಲವೇ ಮಾನಿಟರ್ ಜೋಡಿಸಿದಾಗ ಮಾತ್ರ ಕಂಪ್ಯೂಟರ್ ಆನ್ ಆಗದಿದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಮೇಲೆ ಅನುಮಾನ ಪಡಿ. ಕಳಪೆ ಕೇಬಲ್‌ಗಳಲ್ಲಿ 20ನೇ ಪಿನ್ ಎರಡೂ ತುದಿಗೆ ಸೇರಿರುತ್ತದೆ. ಮಾನಿಟರ್‌ನ ಕರೆಂಟು ಕಂಪ್ಯೂಟರ್ ಕಡೆಗೆ ಹರಿಯುತ್ತದೆ. ಅಂಥ ಕೇಬಲ್ ಕೂಡಲೇ ತೆಗೆದುಹಾಕಿ.

## ಹಂತ 5: ಪ್ಯಾನೆಲ್ ಆರಿಸುವುದು

ದೂರ, ಗಾತ್ರ, ಪೋರ್ಟ್ ಮೂರೂ ತೀರ್ಮಾನವಾದ ಮೇಲೆ ಉಳಿಯುವ ಮಾಡೆಲ್‌ಗಳು ಕೆಲವೇ. ಅವುಗಳಲ್ಲಿ ಮೊದಲು ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಾಳೆ, ಯಾವ ಬಗೆ ಅಂತ ನೋಡಿ.

ಐಪಿಎಸ್ ಪ್ಯಾನೆಲ್‌ನಲ್ಲಿ ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ದೊಡ್ಡ ಪರದೆಯಲ್ಲಿ ಇದಕ್ಕೆ ಬಹಳ ಬೆಲೆ ಇದೆ. ಯಾಕೆಂದರೆ ನಡುವೆ ಕೂತ ನೀವು ಅಂಚುಗಳನ್ನು ಯಾವಾಗಲೂ ಓರೆಯಿಂದಲೇ ನೋಡುತ್ತೀರಿ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಹತ್ತಿರದಿಂದ ನೋಡಿದರೆ ಅಂಚಿನ ಬಣ್ಣ ಮಂಕಾಗುತ್ತದೆ. ಬಾಗಿದ ವಿಎ ಆದರೆ ಈ ತೊಂದರೆ ಸ್ವಲ್ಪ ಕಡಿಮೆ.

ಓಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಬಗೆ) ನೋಡಲು ಬಹಳ ಚೆಂದ. ಆದರೆ ದಿನಕ್ಕೆ ಎಂಟು ಗಂಟೆ ಒಂದೇ ಟಾಸ್ಕ್‌ಬಾರ್, ಒಂದೇ ಮೆನು ತೋರಿಸುವ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ. ಕದಲದೆ ನಿಂತ ಚಿತ್ರದ ಗುರುತು ಕಾಲಕ್ರಮೇಣ ಪರದೆಯಲ್ಲೇ ಉಳಿಯುವ ಅಪಾಯ ಇದೆ. ಜೊತೆಗೆ ಹಲವು ಓಎಲ್‌ಇಡಿಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳ ಜೋಡಣೆ ಮಾಮೂಲಿನಂತೆ ಇರುವುದಿಲ್ಲ. ಅದರಿಂದ ಅಕ್ಷರದ ಅಂಚಿಗೆ ಬಣ್ಣದ ಗೆರೆ ಮೂಡುತ್ತದೆ. ಕೆಲವು ದೊಡ್ಡ ಎಲ್‌ಸಿಡಿ ಪರದೆಗಳಲ್ಲೂ ಚುಕ್ಕೆಗಳ ಕ್ರಮ ತಿರುಗಿ ನೀಲಿ, ಹಸಿರು, ಕೆಂಪು ಅಂತ ಇರುತ್ತದೆ. ವಿವರದಲ್ಲಿ ಬಿಜಿಆರ್ ಅಂತ ಕಂಡರೆ ಇದೇ ಅರ್ಥ.

ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದೇ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದು, ಷರತ್ತಿನ ಮೇಲೆ. ಆ ಟಿವಿ ಬಣ್ಣದ ಮಾಹಿತಿಯನ್ನು ಕಡಿತ ಮಾಡದೆ, ಅಂದರೆ 4:4:4ರಲ್ಲಿ ತೋರಿಸಬೇಕು. ಇನ್‌ಪುಟ್‌ಗೆ ಪಿಸಿ ಅಂತ ಹೆಸರು ಕೊಡುವ ಸೌಲಭ್ಯ ಅಥವಾ ಗೇಮ್ ಮೋಡ್ ಇರಬೇಕು. ಕಂಪ್ಯೂಟರ್ ನಿದ್ರೆಗೆ ಹೋದಾಗ ಬಹಳ ಟಿವಿಗಳು ತಾವಾಗಿ ಮಲಗುವುದಿಲ್ಲ, ಏಳುವುದೂ ಇಲ್ಲ. ಪ್ರತಿ ಸಲ ರಿಮೋಟ್ ಹುಡುಕಬೇಕಾಗುತ್ತದೆ.

ಹರ್ಟ್ಜ್ ವಿಷಯಕ್ಕೆ ಬಂದರೆ ಬರಹದ ಕೆಲಸಕ್ಕೆ 60 ಸಾಕು. 120 ಇದ್ದರೆ ಪುಟ ಉರುಳಿಸುವಾಗ ಹಿತವಾಗಿರುತ್ತದೆ. ಕಿಟಕಿಯ ಬೆಳಕು ಪರದೆಗೆ ಬೀಳುವ ಕೋಣೆಯಾದರೆ ಹೊಳಪಿಲ್ಲದ ಮ್ಯಾಟ್ ಪರದೆಯೇ ಸರಿ. ಪರದೆ ದೊಡ್ಡದಾದಷ್ಟೂ ಅದರಲ್ಲಿ ಪ್ರತಿಫಲನ ಕಾಣುವುದು ಜಾಸ್ತಿ.

## ಹಂತ 6: ಟೇಬಲ್, ಸ್ಟ್ಯಾಂಡ್, ಆರ್ಮ್

ಪರದೆಯ ಎತ್ತರ ಹೊಂದಿಸಲು ಬಾರದ ಸ್ಟ್ಯಾಂಡ್ ಇದ್ದರೆ ಆ ಮಾಡೆಲ್ ಬಗ್ಗೆ ಎರಡು ಸಲ ಯೋಚಿಸಿ. 43 ಇಂಚಿನವುಗಳಲ್ಲಿ ಇದು ಸಾಮಾನ್ಯ. ಕೆಲವಕ್ಕೆ ಎರಡು ಕಾಲುಗಳು ಅಷ್ಟೇ ಇರುತ್ತವೆ.

ಆರ್ಮ್ (ಟೇಬಲ್‌ಗೆ ಬಿಗಿದು ಪರದೆಯನ್ನು ಹಿಡಿಯುವ ತೋಳು) ಹಾಕುವುದಾದರೆ ಮೂರು ಅಂಶ ತಾಳೆಯಾಗಬೇಕು.

1. ಹಿಂಬದಿಯ ರಂಧ್ರಗಳ ಅಂತರ. ಇದಕ್ಕೆ ವೇಸಾ ಅಳತೆ ಅನ್ನುತ್ತಾರೆ. 100 × 100 ಮಿ.ಮೀ. ಸಾಮಾನ್ಯ. ದೊಡ್ಡವಕ್ಕೆ 200 × 200 ಅಥವಾ 200 × 100 ಇರಬಹುದು. ಆಗ ನಡುವೆ ಹಾಕುವ ಪಟ್ಟಿ ಬೇಕಾಗುತ್ತದೆ.
2. ಸ್ಟ್ಯಾಂಡ್ ಬಿಟ್ಟು ಬರೀ ಪರದೆಯ ತೂಕ. ಆರ್ಮ್‌ಗೆ ಗರಿಷ್ಠ ತೂಕ ಇರುವ ಹಾಗೆ ಕನಿಷ್ಠ ತೂಕವೂ ಇರುತ್ತದೆ. ಕಡಿಮೆ ತೂಕದ ಪರದೆ ಹಾಕಿದರೆ ಅದು ತಾನೇ ಮೇಲಕ್ಕೇರುತ್ತದೆ. ಗರಿಷ್ಠದ ಅಂಚಿನಲ್ಲಿರುವ ತೂಕ ಹಾಕಿದರೆ ದಿನಕಳೆದಂತೆ ಕೆಳಗೆ ಜಗ್ಗುತ್ತದೆ.
3. ಟೇಬಲ್ ಹಲಗೆ. ಗಾಜಿನ ಟೇಬಲ್‌ಗೆ ಕ್ಲ್ಯಾಂಪ್ ಬಿಗಿಯಲೇಬೇಡಿ. ಒಳಗೆ ಟೊಳ್ಳಿರುವ ತೆಳು ಹಲಗೆಗೂ ಬೇಡ. ಬಿಗಿಯಲೇಬೇಕಾದರೆ ಮೇಲೆ ಕೆಳಗೆ ಲೋಹದ ತಗಡು ಕೊಡಿ.

ಸ್ಕ್ರೂ ಕೈಗೆ ಸಿಕ್ಕಿದ್ದನ್ನು ಹಾಕಬೇಡಿ. ಉದ್ದ ಜಾಸ್ತಿಯಾದರೆ ಅದು ಮಾನಿಟರ್ ಒಳಗೆ ಚುಚ್ಚುತ್ತದೆ. ಬೆರಳಿನಿಂದ ಸುಲಭವಾಗಿ ತಿರುಗದಿದ್ದರೆ ನಿಲ್ಲಿಸಿ, ಅಳತೆ ತಪ್ಪಿದೆ.

## ಹಂತ 7: ಬಾಕ್ಸ್ ತೆರೆಯುವುದು

ಇಬ್ಬರು ಬೇಕೇ ಬೇಕು. ಬಾಕ್ಸ್ ಹೊರಗೆ ಜಜ್ಜಿದ್ದರೆ ತೆರೆಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ತೆರೆಯುವಾಗ ಒಂದು ವೀಡಿಯೊ ಇದ್ದರೆ ಮುಂದೆ ವಾದ ತಪ್ಪುತ್ತದೆ.

ಪರದೆಯ ಮುಖಕ್ಕೆ ಬೆರಳು ಒತ್ತಿ ಎತ್ತಿದರೆ ಪ್ಯಾನೆಲ್ ಸೀಳಬಹುದು. ಅಂಚಿನ ಚೌಕಟ್ಟು ಮತ್ತು ಹಿಂಬದಿಯನ್ನು ಹಿಡಿಯಿರಿ. ಸ್ಟ್ಯಾಂಡ್‌ನ ಕುತ್ತಿಗೆಯನ್ನು ಸಾಧ್ಯವಾದಷ್ಟು ಪರದೆ ಥರ್ಮಾಕೋಲ್‌ನಲ್ಲಿ ಮಲಗಿರುವಾಗಲೇ ಜೋಡಿಸಿ. ಹೊರಗೆ ತೆಗೆದ ಮೇಲೆ ಪರದೆಯನ್ನು ನಿಲ್ಲಿಸಿಯೇ ಸಾಗಿಸಿ, ಅಡ್ಡ ಮಲಗಿಸಿ ಹೊರಬೇಡಿ. ಚಳಿಯಲ್ಲಿ ಸಾಗಿ ಬಂದಿದ್ದರೆ ಕೋಣೆಯ ಬಿಸಿಗೆ ಬರುವವರೆಗೆ ಕೆಲವು ಗಂಟೆ ಆನ್ ಮಾಡಬೇಡಿ. ಒಳಗೆ ತೇವ ಕಟ್ಟಿರುತ್ತದೆ.

## ಹಂತ 8: ಮೊದಲ ಗಂಟೆಯ ಸೆಟ್ಟಿಂಗ್ಸ್, ಇದೇ ಕ್ರಮದಲ್ಲಿ

ಕ್ರಮ ತಪ್ಪಿಸಿದರೆ ಒಂದರ ದೋಷ ಇನ್ನೊಂದರ ಹಾಗೆ ಕಾಣುತ್ತದೆ. ಹಾಗಾಗಿ ಒಂದೊಂದೇ ಮುಗಿಸಿ ಮುಂದೆ ಹೋಗಿ.

1. ರೆಸಲ್ಯೂಷನ್. ಪರದೆಯ ಮೂಲ ರೆಸಲ್ಯೂಷನ್‌ಗೇ ಇಡಿ. ಅಕ್ಷರ ಚಿಕ್ಕದಾಯಿತು ಅಂತ ರೆಸಲ್ಯೂಷನ್ ಇಳಿಸುವುದು ಅತಿ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಎಲ್ಲವೂ ಮಸುಕಾಗುತ್ತದೆ.
2. ಹರ್ಟ್ಜ್. ಸೆಟ್ಟಿಂಗ್ಸ್‌ನಲ್ಲಿ ತೆರೆದು ಕಣ್ಣಾರೆ ನೋಡಿ. 30 ಅಂತ ಇದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.
3. ಬಣ್ಣದ ರೂಪ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆರ್‌ಜಿಬಿ, ಪೂರ್ತಿ ವ್ಯಾಪ್ತಿ ಅಂತ ಇರಬೇಕು. ಕಪ್ಪು ಬೂದಿಯಂತೆ ಕಂಡರೆ ಕಂಪ್ಯೂಟರ್ 16ರಿಂದ 235ರ ಟಿವಿ ವ್ಯಾಪ್ತಿಯಲ್ಲಿ ಕಳಿಸುತ್ತಿದೆ ಅಂತ ಅರ್ಥ. ಅದು 0ಯಿಂದ 255 ಆಗಬೇಕು.
4. ಸ್ಕೇಲಿಂಗ್. ಈಗ ಅಕ್ಷರದ ಗಾತ್ರ ಹೊಂದಿಸಿ. ಶೇ. 125ರಲ್ಲಿ ಒಂದು ದಿನ ಕೆಲಸ ಮಾಡಿ, ಬೇಕಾದರೆ ಏರಿಸಿ. ವಿಂಡೋಸ್‌ನಲ್ಲಿ ಒಮ್ಮೆ ಲಾಗೌಟ್ ಆಗಿ ಬಂದರೆ ಹಲವು ಪ್ರೋಗ್ರಾಂಗಳ ಮಸುಕು ಹೋಗುತ್ತದೆ.
5. ಅಕ್ಷರದ ಅಂಚು. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಅನ್ನುವ, ಅಕ್ಷರದ ಅಂಚು ತಿದ್ದುವ ಸೌಲಭ್ಯ ತೆರೆದು, ತೋರಿಸಿದ ಮಾದರಿಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ. ಪರದೆ ಬಿಜಿಆರ್ ಆಗಿದ್ದರೆ ಇದರಿಂದ ಬಹಳ ವ್ಯತ್ಯಾಸ ಆಗುತ್ತದೆ.
6. ಶಾರ್ಪ್‌ನೆಸ್ ಮತ್ತು ಬೆಳಕು. ಅಕ್ಷರದ ಸುತ್ತ ಬಿಳಿ ನೆರಳು ಕಂಡರೆ ಮಾನಿಟರ್ ಮೆನುವಿನಲ್ಲಿ ಶಾರ್ಪ್‌ನೆಸ್ ಇಳಿಸಿ. ಬೆಳಕು ಕಾರ್ಖಾನೆಯಿಂದ ಬರುವಾಗ ಅತಿಯಾಗಿರುತ್ತದೆ. ಸಾಧಾರಣ ಬೆಳಕಿನ ಕೋಣೆಗೆ 120 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸು ಸಾಕು. ಅಳೆಯುವ ಸಾಧನ ಇಲ್ಲವೇ? ಬಿಳಿ ಕಾಗದವನ್ನು ಪರದೆ ಪಕ್ಕ ಹಿಡಿದು, ಎರಡರ ಬಿಳುಪು ಒಂದೇ ಥರ ಕಾಣುವವರೆಗೆ ಇಳಿಸುತ್ತಾ ಬನ್ನಿ.

ಎಚ್‌ಡಿಆರ್ (ಬೆಳಕು, ನೆರಳಿನ ಅಂತರ ಹೆಚ್ಚಿಸಿ ತೋರಿಸುವ ವಿಧಾನ) ಅನ್ನು ದಿನದ ಕೆಲಸಕ್ಕೆ ಸುಮ್ನೆ ಆನ್ ಮಾಡಿಡಬೇಡಿ. ಬಹಳ ಮಾನಿಟರ್‌ಗಳಲ್ಲಿ ಮಾಮೂಲಿ ಬಣ್ಣಗಳು ಕಳೆಗುಂದುತ್ತವೆ.

## ಹಂತ 9: ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷೆ

ಬಾಕ್ಸ್, ಥರ್ಮಾಕೋಲ್, ಚೀಲ ಯಾವುದನ್ನೂ ಎಸೆಯಬೇಡಿ. ಮೊದಲ ಎರಡು ಮೂರು ದಿನದಲ್ಲೇ ಇವಿಷ್ಟು ನೋಡಿಬಿಡಿ.

ಪೂರ್ತಿ ಪರದೆಗೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣವನ್ನು ಒಂದಾದ ಮೇಲೊಂದು ತುಂಬಿಸಿ ನೋಡಿ. ಸತ್ತ ಪಿಕ್ಸೆಲ್ ಬಿಳಿಯಲ್ಲಿ ಕಪ್ಪು ಚುಕ್ಕೆ. ಸಿಕ್ಕಿಕೊಂಡ ಪಿಕ್ಸೆಲ್ ಕಪ್ಪಿನಲ್ಲಿ ಬಣ್ಣದ ಚುಕ್ಕೆ. ಒಂದೆರಡು ಚುಕ್ಕೆಗೆ ಬದಲಿ ಕೊಡುವುದಿಲ್ಲ ಅನ್ನುವ ನಿಯಮ ಹಲವು ಕಂಪನಿಗಳಲ್ಲಿದೆ. ಆದರೆ ಅಂಗಡಿಯ ವಾಪಸ್ ಅವಧಿಯಲ್ಲಿ ಕಾರಣ ಕೇಳದೆ ಕೊಡಬಹುದಾದರೆ ಆ ನಿಯಮ ಅಡ್ಡ ಬರುವುದಿಲ್ಲ. ಆದ್ದರಿಂದ ಎರಡೂ ನಿಯಮವನ್ನು ಕೊಳ್ಳುವ ಮುಂಚೆಯೇ ಓದಿಡಿ.

ನಡುಮಟ್ಟದ ಬೂದು ಬಣ್ಣ ತುಂಬಿಸಿ ದೂರ ನಿಂತು ನೋಡಿ. ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಛಾಯೆ ಇದ್ದರೆ ಫೋಟೋ ಕೆಲಸಕ್ಕೆ ಅದು ಆಗದು. ಬರಹದವರು ಸ್ವಲ್ಪ ಛಾಯೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಷ್ಟು ದೊಡ್ಡ ಪರದೆಯಲ್ಲಿ ಪೂರ್ತಿ ಸಮನಾದ ಬೆಳಕು ಸಿಗುವುದು ಕಷ್ಟ.

ಬೆಳಕನ್ನು ಇಳಿಸಿ, ಫೋನ್‌ನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಬಿಳಿ ಪರದೆ ನೋಡಿ. ಕಪ್ಪು ಪಟ್ಟೆಗಳು ಓಡಾಡಿದರೆ ಪರದೆ ಮಿನುಗುತ್ತಿರಬಹುದು. ಕಣ್ಣುರಿ, ತಲೆನೋವು ಬರುವವರು ಇದನ್ನು ಹಗುರವಾಗಿ ಎಣಿಸಬಾರದು. ಕೊನೆಗೆ, ಕಂಪ್ಯೂಟರನ್ನು ನಿದ್ರೆಗೆ ಕಳಿಸಿ ಎಬ್ಬಿಸಿ. ಹತ್ತರಲ್ಲಿ ಒಂದು ಸಲ ಪರದೆ ಏಳದಿದ್ದರೂ ಮುಂದೆ ಅದು ದಿನದ ಕಿರಿಕಿರಿ ಆಗುತ್ತದೆ, ಅಲ್ವಾ?

## ಹಂತ 10: ಎಚ್ಚರಿಕೆಯ ಲಕ್ಷಣ, ಅದರ ಕಾರಣ

- ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮತ್ತೆ ಬರುವುದು: ಮೊದಲ ಅನುಮಾನ ಕೇಬಲ್. ಬದಲಾಯಿಸಿದ ಮೇಲೂ ಹಾಗೇ ಇದ್ದರೆ ಡಾಕ್ ತೆಗೆದು ನೇರ ಜೋಡಿಸಿ.
- ಬಿಳಿ ಚುಕ್ಕೆಗಳು ಮಿಂಚಿ ಮಾಯವಾಗುವುದು: ಇದೂ ಕೇಬಲ್. ವೇಗ ಸಾಲುತ್ತಿಲ್ಲ.
- ನೀಲಿ ಹಿನ್ನೆಲೆಯ ಕೆಂಪು ಅಕ್ಷರ ಕಲೆಸಿಹೋಗುವುದು: ಬಣ್ಣದ ಮಾಹಿತಿ ಕಡಿತವಾಗಿದೆ. ಆರ್‌ಜಿಬಿ ಅಥವಾ 4:4:4ಕ್ಕೆ ಬದಲಾಯಿಸಿ.
- ಸೆಟ್ಟಿಂಗ್ಸ್‌ನಲ್ಲಿ 4ಕೆ ಇದೆ, 60 ಹರ್ಟ್ಜ್ ಇಲ್ಲ: ಅಡಾಪ್ಟರ್, ಡಾಕ್ ಅಥವಾ ಹಳೆಯ ಎಚ್‌ಡಿಎಂಐ ಪೋರ್ಟ್. ಮಾನಿಟರ್ ಮೆನುವಿನಲ್ಲಿ ಇನ್‌ಪುಟ್ ಆವೃತ್ತಿ ಹಳೆಯದಕ್ಕೆ ಇಟ್ಟಿದೆಯೇ ಅಂತಲೂ ನೋಡಿ.
- ಒಂದು ಪ್ರೋಗ್ರಾಂನಲ್ಲಿ ಮಾತ್ರ ಮಸುಕು: ಪರದೆಯ ತಪ್ಪಲ್ಲ, ಆ ಪ್ರೋಗ್ರಾಂ ಸ್ಕೇಲಿಂಗ್‌ಗೆ ಹೊಂದಿಕೊಂಡಿಲ್ಲ.
- ಸುಟ್ಟ ವಾಸನೆ, ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿ: ಪ್ಲಗ್ ಕೀಳಿ. ಮತ್ತೆ ಹಾಕಿ ನೋಡಬೇಡಿ.

## ಹಂತ 11: ದೊಡ್ಡ ಪರದೆಗೆ ಒಗ್ಗಿಕೊಳ್ಳುವುದು

ಸಣ್ಣ ಪರದೆಯ ಅಭ್ಯಾಸದಲ್ಲಿ ಎಲ್ಲ ಕಿಟಕಿಯನ್ನೂ ಪೂರ್ತಿ ಹಿಗ್ಗಿಸುತ್ತೀರಿ. 43 ಇಂಚಿನಲ್ಲಿ ಹಾಗೆ ಮಾಡಿದರೆ ಒಂದು ಸಾಲು ಓದಲು ತಲೆ ಎಡದಿಂದ ಬಲಕ್ಕೆ ಓಡಬೇಕು. ಮುಖ್ಯ ಕೆಲಸವನ್ನು ನಡುವೆ, ಸ್ವಲ್ಪ ಕೆಳಗೆ ಇಡಿ. ಮೆಸೇಜು, ಟಿಪ್ಪಣಿಯಂಥವು ಪಕ್ಕಕ್ಕೆ ಹೋಗಲಿ. ಮೇಲಿನ ಭಾಗಕ್ಕೆ ಅಪರೂಪಕ್ಕೆ ನೋಡುವುದು ಮಾತ್ರ.

ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಕಿಟಕಿ ಜೋಡಿಸುವ ಮಾದರಿಗಳು ಬರುತ್ತವೆ. ನಿಮ್ಮದೇ ಅಳತೆಯ ಭಾಗ ಬೇಕಾದರೆ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿ ಫ್ಯಾನ್ಸಿಝೋನ್ಸ್ ಇದೆ, ಉಚಿತ. ಮ್ಯಾಕ್‌ನಲ್ಲಿ 2024ರ ಸಿಕೋಯಾ ಆವೃತ್ತಿಯಿಂದ ಕಿಟಕಿಯನ್ನು ಅಂಚಿಗೆ ಎಳೆದು ಕೂರಿಸುವ ಸೌಲಭ್ಯ ಬಂದಿದೆ. ಎರಡು ಕಂಪ್ಯೂಟರ್ ಇರುವವರು ಮಾನಿಟರ್ ಮೆನುವಿನಲ್ಲಿ ಪಿಬಿಪಿ ಹುಡುಕಿ. ಒಂದೇ ಪರದೆಯಲ್ಲಿ ಎರಡರ ಚಿತ್ರವೂ ಪಕ್ಕಪಕ್ಕ ಬರುತ್ತದೆ.

ಎತ್ತರದ ನಿಯಮ ಸುಲಭ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ. 43 ಇಂಚಿನಲ್ಲಿ ಇದು ಪೂರ್ತಿ ಸಾಧ್ಯವಾಗದು. ಆಗ ಪರದೆಯನ್ನು ಟೇಬಲ್‌ಗೆ ತಾಗುವಷ್ಟು ಕೆಳಗಿಳಿಸಿ, ಮೇಲ್ಭಾಗವನ್ನು ತುಸು ಹಿಂದಕ್ಕೆ ಬಾಗಿಸಿ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಗಲ್ಲ ಎತ್ತಿ ಓದುವುದು ಹೆಚ್ಚು. ಅವರು ಪರದೆ ಇನ್ನೂ ಕೆಳಗಿಡಬೇಕು, ಇಲ್ಲವೇ ಮೊದಲ ಹಂತದಲ್ಲಿ ಅಳೆದ ದೂರವನ್ನು ಕಣ್ಣಿನ ವೈದ್ಯರಿಗೆ ಹೇಳಿ ಕಂಪ್ಯೂಟರ್‌ಗೆಂದೇ ಕನ್ನಡಕ ಮಾಡಿಸಿಕೊಳ್ಳಬೇಕು.

ಒರೆಸುವಾಗ ಪರದೆ ಆಫ್ ಮಾಡಿ, ತಣ್ಣಗಾಗಲು ಬಿಡಿ. ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಧೂಳು ತೆಗೆಯಿರಿ. ಕಲೆ ಉಳಿದರೆ ಡಿಸ್ಟಿಲ್ಡ್ ನೀರನ್ನು ಬಟ್ಟೆಗೆ ಸ್ವಲ್ಪ ತಾಗಿಸಿ ಮೆಲ್ಲಗೆ ಒರೆಸಿ. ಪರದೆ ಮೇಲೆ ನೇರವಾಗಿ ಸಿಂಪಡಿಸಿದರೆ ನೀರು ಕೆಳ ಅಂಚಿಗೆ ಇಳಿದು ಒಳಗೆ ಹೋಗುತ್ತದೆ. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರವ ಮ್ಯಾಟ್ ಲೇಪವನ್ನು ಹಾಳು ಮಾಡುತ್ತದೆ, ಹಾಳಾದ ಲೇಪವನ್ನು ಸರಿಮಾಡಲು ಬರುವುದಿಲ್ಲ.